ಮೆರಿಟ್ ಅಳೆಯುವ ಕೋಲು ಯಾರದು?

ಆಫೀಸಿನ ಊಟದ ಟೇಬಲ್ಲಿನಲ್ಲಿ ಮೀಸಲಾತಿಯ ಮಾತು ಬಂದರೆ ಸಾಕು, ಹಿಂದೆಯೇ 'ಮೆರಿಟ್' ಅನ್ನೋ ಪದವೂ ಬರುತ್ತೆ. ಈ ಜಗಳ 1990ರ ಮಂಡಲ್ ಕಾಲದಲ್ಲಿ ಹುಟ್ಟಿದ್ದು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಆದರೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಇದು ನೂರು ವರ್ಷದ ಹಿಂದೆಯೇ ನಡೆದುಹೋಗಿತ್ತು.

ಆಗ ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ಶೇ. 4ಕ್ಕಿಂತ ಕಡಿಮೆ. ದೊಡ್ಡ ಸರ್ಕಾರಿ ಹುದ್ದೆಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಅವರೇ. ಇದರಲ್ಲಿ ಮೋಸವೇನೂ ಇರಲಿಲ್ಲ. ಓದು-ಬರಹದ ರೂಢಿ ಮೊದಲಿನಿಂದಲೂ ಇದ್ದ ಮನೆಗಳು ಇಂಗ್ಲಿಷ್ ಶಾಲೆಗೂ ಮೊದಲು ಹೋದವು, ಪರೀಕ್ಷೆಗಳಲ್ಲೂ ಮುಂದೆ ಬಂದವು, ಅಷ್ಟೇ. ಸಮಾಜಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು ಇದೇ: ಯಾರೂ ಕೆಟ್ಟವರಾಗಿರದೆ ಹೋದರೂ ಅಸಮಾನತೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಾ ಹೋಗಬಲ್ಲದು.

1917ರಲ್ಲಿ 'ಪ್ರಜಾಮಿತ್ರ ಮಂಡಳಿ' ಹುಟ್ಟಿತು. ಬ್ರಾಹ್ಮಣೇತರ ಮುಖಂಡರು ತಮ್ಮ ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು.

ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರನ್ನು ಖಳನಾಯಕ ಮಾಡೋದು ಸುಲಭ, ಆದರೆ ಅದು ನ್ಯಾಯವಲ್ಲ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು, ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ ಹೆಚ್ಚಿದ್ದು ಅವರ ಕಾಲದಲ್ಲೇ. ಎಲ್ಲರಿಗೂ ಓದು ಕೊಡೋಣ, ಆದರೆ ನೇಮಕಾತಿಯಲ್ಲಿ ದಕ್ಷತೆಯನ್ನು ಬಿಟ್ಟುಕೊಡುವುದು ಬೇಡ ಅನ್ನೋದು ಅವರ ನಿಲುವು. ಅವರು ದಿವಾನಗಿರಿ ಬಿಡಲು ಈ ಭಿನ್ನಾಭಿಪ್ರಾಯ ಒಂದು ಮುಖ್ಯ ಕಾರಣ.

1919ರಲ್ಲಿ ಬಂದ ವರದಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು. ಇಂದಿಗೂ ಓದಬೇಕಾದದ್ದು ದಕ್ಷತೆಯ ಬಗ್ಗೆ ಅದು ಕೊಟ್ಟ ಉತ್ತರ. ಒಬ್ಬ ಅಧಿಕಾರಿಯ ದಕ್ಷತೆಯನ್ನು ಬರೀ ಪರೀಕ್ಷೆಯ ಅಂಕಗಳಿಂದ ಅಳೆಯಲಾಗದು. ಜನರ ಮೇಲಿನ ಕನಿಕರ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನಕ್ಕೂ ಅಷ್ಟೇ ಬೆಲೆಯಿದೆ ಎಂಬುದು ಅದರ ವಾದ. ಮೆರಿಟ್ ಬೇಡ ಅಂತ ಸಮಿತಿ ಎಲ್ಲೂ ಹೇಳಲಿಲ್ಲ. ಅದನ್ನು ಅಳೆಯುವ ಕೋಲನ್ನು ಪ್ರಶ್ನಿಸಿತು. 1921ರಲ್ಲಿ ಸರ್ಕಾರ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿಕೊಂಡಿತು.

ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ 'ಹಿಂದುಳಿದವರು' ಎಂದಾಗ, ಆ ಗುಂಪಿನಲ್ಲಿ ಭೂಮಿ, ಸಂಘಟನೆ, ಹಾಸ್ಟೆಲ್ ಇದ್ದ ಲಿಂಗಾಯತ, ಒಕ್ಕಲಿಗ ಸಮುದಾಯಗಳು ಮುಂದೆ ಬಂದವು. ಅಸ್ಪೃಶ್ಯತೆ ಅನುಭವಿಸುತ್ತಿದ್ದವರು, ಸಣ್ಣ ಕುಶಲಕರ್ಮಿ ಜಾತಿಗಳವರು ಸರತಿಯ ಕೊನೆಯಲ್ಲೇ ಉಳಿದರು. ಆ ಗುಂಪನ್ನು ಬಿಡಿಸಿ ನೋಡುವ ಕೆಲಸ ಗಟ್ಟಿಯಾಗಿ ನಡೆದದ್ದು ದೇವರಾಜ ಅರಸು ಕಾಲದಲ್ಲಿ, 1975ರ ಹಾವನೂರು ವರದಿಯಲ್ಲಿ.

ಪ್ರತಿ ಸಮಾಜವೂ ತನಗೆ ರೂಢಿಯಾದದ್ದನ್ನೇ ನ್ಯಾಯ ಅಂತ ನಂಬುತ್ತೆ. ನಾವೂ ಹಾಗೇ. ಪರಿಚಯದವರ ರೆಫರಲ್, ಇಂಗ್ಲಿಷಿನ ಉಚ್ಚಾರ, ಓದಿದ ಕಾಲೇಜಿನ ಹೆಸರು, ಇವೆಲ್ಲ ಇಂದು ನಮಗೆ ಮೆರಿಟ್ಟಾಗಿಯೇ ಕಾಣುತ್ತವೆ. ಮುಂದಿನ ಸಲ ನಾವು ಇಂಟರ್‌ವ್ಯೂ ಮಾಡುವ ಕುರ್ಚಿಯಲ್ಲಿ ಕೂತಾಗ, ನಮ್ಮ ಕೈಲಿರೋ ಅಳತೆಕೋಲು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಂಡರೆ ತಪ್ಪೇನಿಲ್ಲ.