ಭೇಡಿಯ ನೀರು, ಬರ್ಲಿನ್ನಿನ ಪಟ್ಟಿ

ನೀರಿನಲ್ಲಿ ತೇಲಿಕೊಂಡಿರುವ ಸಣ್ಣ ಜೀವಿಗಳಿಗೆ ಪ್ಲಾಂಕ್ಟನ್ ಎಂಬ ಹೆಸರಿಟ್ಟದ್ದು ಜರ್ಮನಿಯ ವಿಕ್ಟರ್ ಹೆನ್ಸೆನ್, 1887ರಲ್ಲಿ. ಗ್ರೀಕ್ ಮೂಲದ ಅರ್ಥ ಅಲೆಮಾರಿ. ಎರಡೇ ವರ್ಷದಲ್ಲಿ, 1889ರಲ್ಲಿ, ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಎಚ್. ಎಚ್. ಆಂಡರ್ಸನ್ ಎಂಬವರು ಕಲ್ಕತ್ತೆಯ ಸುತ್ತಲಿನ ನೀರಿನಲ್ಲಿ ಕಂಡ ರೋಟಿಫರುಗಳ ಬಗ್ಗೆ ಬರೆದರು. ರೋಟಿಫರಿನ ತಲೆಯ ಮೇಲಿನ ರೋಮಗಳ ಬಳೆ ಗಾಲಿಯಂತೆ ಸುತ್ತುವ ಹಾಗೆ ಕಾಣುತ್ತದೆ. ಲ್ಯಾಟಿನ್ ಹೆಸರನ್ನು ಪದಶಃ ತಂದರೆ ‘ಚಕ್ರಧಾರಿ’. ಹಾಗೆ ಅನುವಾದಿಸಿದರೆ ಕೆರೆಯಲ್ಲಿ ಸಾಕ್ಷಾತ್ ವಿಷ್ಣುವೇ ಬಂದು ನಿಲ್ಲುತ್ತಾನೆ. ಹಾಗಾಗಿ ರೋಟಿಫರ್ ಎಂದೇ ಇಟ್ಟುಕೊಳ್ಳೋಣ.

ಈ ಜೀವಿಗಳನ್ನು ನೋಡಿ ನೀರಿನ ಗುಣ ಹೇಳಬಹುದು ಎಂಬ ಕ್ರಮವನ್ನು ಗಟ್ಟಿಗೊಳಿಸಿದವರು ಬರ್ಲಿನ್ನಿನ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್. 1908ರಲ್ಲಿ ಸಸ್ಯಗಳ ಪಟ್ಟಿ, 1909ರಲ್ಲಿ ಪ್ರಾಣಿಗಳ ಪಟ್ಟಿ: ಇಂಥದು ಕೊಳಕು ನೀರಿನದು, ಇಂಥದು ತಿಳಿನೀರಿನದು. ಇಂದಿಗೂ ಆಳವಿಲ್ಲದ ಕೆರೆಯಲ್ಲಿ ಬ್ರಾಕಿಯೋನಸ್ ಜಾತಿಯ ರೋಟಿಫರ್ ತುಂಬಿದ್ದರೆ ಕೆರೆಗೆ ಚರಂಡಿ ಸೇರಿದೆ ಎಂದು ಬರೆದುಕೊಳ್ಳುತ್ತಾರೆ.

ಕೋಲ್ಕತ್ತದ ಪೂರ್ವಕ್ಕೆ ಬಂದರೆ ಈ ಪಟ್ಟಿ ತಡವರಿಸುತ್ತದೆ. ನಗರದ ಕೊಳಚೆ ಹರಿಯುತ್ತಿದ್ದ ಬಿದ್ಯಾಧರಿ ನದಿ ಹೂಳು ತುಂಬಿ 1920ರ ದಶಕದಲ್ಲಿ ಸತ್ತೇಹೋಯಿತು. ಸಮುದ್ರದ ಉಬ್ಬರ ಬರುವುದು ನಿಂತು ಉಪ್ಪುಕೆರೆಗಳ ಮೀನು ಕಡಿಮೆಯಾದಾಗ, ಅಲ್ಲಿನ ಮೀನು ಸಾಕುವವರು ಚರಂಡಿ ನೀರನ್ನೇ ಒಳಗೆ ಬಿಟ್ಟುಕೊಂಡರು. ಅಂಥ ಕೊಳಕ್ಕೆ ಬಂಗಾಳಿಯಲ್ಲಿ ‘ಭೇಡಿ’ ಎನ್ನುತ್ತಾರೆ. (ಇಂಗ್ಲಿಷ್ ಬರಹಗಳಿಂದ ನೇರವಾಗಿ ಇಳಿಸಿಕೊಂಡು ‘ಭೇರಿ’ ಎಂದು ಬರೆದರೆ ನಮಗೆ ನಗಾರಿ ಕೇಳಿಸುತ್ತದೆ.) ಮೊಣಕಾಲಿನಿಂದ ಎದೆಮಟ್ಟದವರೆಗಿನ ನೀರು, ಧಾರಾಳ ಬಿಸಿಲು. ಕೊಳಚೆಯ ಸಾರ ತಿಂದು ಪಾಚಿ ಬೆಳೆಯುತ್ತದೆ, ಪಾಚಿಯನ್ನೂ ಬ್ಯಾಕ್ಟೀರಿಯಾವನ್ನೂ ರೋಟಿಫರ್ ಮತ್ತು ನೀರಿನ ಚಿಗಟಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಪಟ್ಟಿಯ ಕಣ್ಣಿಗೆ ರೋಗಲಕ್ಷಣವಾದದ್ದು ಇಲ್ಲಿ ಮೀನಿನ ಊಟ.

ಇನ್ನೊಂದು ತೊಡಕಿದೆ. ಮೀನು ಮೊದಲು ನುಂಗುವುದು ಕಣ್ಣಿಗೆ ಬೀಳುವ ದೊಡ್ಡ ಚಿಗಟಗಳನ್ನು. ಉಳಿಯುವುದು ಸಣ್ಣ ರೋಟಿಫರುಗಳು. 1965ರಲ್ಲಿ ಅಮೆರಿಕದ ಬ್ರೂಕ್ಸ್ ಮತ್ತು ಡಾಡ್ಸನ್ ಇದನ್ನು ಕೆರೆಗಳಲ್ಲಿ ತೋರಿಸಿಕೊಟ್ಟರು. ಹಾಗಾದರೆ ದಟ್ಟವಾಗಿ ಮೀನು ಬಿಟ್ಟ ಭೇಡಿಯಲ್ಲಿ ರೋಟಿಫರ್ ಹೆಚ್ಚಿರುವುದು ಕೊಳಕಿನಿಂದಲೋ, ಮೀನಿನ ಹಸಿವಿನಿಂದಲೋ? ಒಂದು ಚಮಚ ನೀರು ನೋಡಿ ಹೇಳಲಾಗದು.

ಹಾಗೆಂದು ಎಣಿಕೆ ವ್ಯರ್ಥವಲ್ಲ. ಕೇಳುವ ಪ್ರಶ್ನೆ ಬದಲಾಗಬೇಕು. ಭೇಡಿಗೆ ಕೊಳಚೆ ಬಂದಿದೆಯೇ ಎಂದು ಕೇಳುವುದು ಅಡುಗೆಮನೆಯಲ್ಲಿ ಒಲೆ ಇದೆಯೇ ಎಂದು ಕೇಳಿದ ಹಾಗೆ. ಕೊಳಚೆಯ ಜತೆ ಬೇರೇನು ಬಂದಿದೆ ಎಂಬುದು ಮುಖ್ಯ. ತಾಂಗ್ರಾ, ತೋಪ್ಸಿಯಾದ ಚರ್ಮ ಹದಮಾಡುವ ಕಾರ್ಖಾನೆಗಳ ಕ್ರೋಮಿಯಂ ಈ ಕಾಲುವೆಗಳಿಗೇ ಸೇರುತ್ತಿತ್ತು. ಅವನ್ನು ಸ್ಥಳಾಂತರಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕೊಳಕು ಸಹಿಸುವ ನೀರಿನ ಚಿಗಟ ಲೋಹದ ವಿಷವನ್ನು ಸಹಿಸದು. ಅದಕ್ಕೇ ವಿಷಪರೀಕ್ಷೆಗೆ ಪ್ರಯೋಗಾಲಯಗಳು ಅದನ್ನು ಸಾಕುತ್ತವೆ. ಭೇಡಿಯಲ್ಲಿ ಮೀನು ಕಡಿಮೆಯಿದ್ದೂ ಚಿಗಟ ಕಾಣೆಯಾದರೆ, ಆಗ ಗಾಬರಿಯಾಗಬೇಕು.

ಧ್ರುವಜ್ಯೋತಿ ಘೋಷ್ ಅವರು 1980ರ ದಶಕದಲ್ಲಿ ಈ ವ್ಯವಸ್ಥೆಯನ್ನು ಲೋಕಕ್ಕೆ ತೋರಿಸಿದರು. 2002ರಲ್ಲಿ 12,500 ಹೆಕ್ಟೇರ್ ರಾಮ್ಸರ್ ತಾಣವಾಯಿತು. ಅದಕ್ಕೂ ನಲವತ್ತು ವರ್ಷ ಮೊದಲು, 1962ರಲ್ಲಿ, ಹೂಗ್ಲಿಯ ಹೂಳನ್ನು ಪೈಪಿನಲ್ಲಿ ತಂದು ಉತ್ತರದ ಭೇಡಿಗಳನ್ನು ತುಂಬಲಾರಂಭಿಸಿದ್ದರು. ಇಂದು ಅಲ್ಲಿ ಸಾಲ್ಟ್ ಲೇಕ್ ಬಡಾವಣೆಯಿದೆ.