ಅಕ್ಷರ ಬಾರದ ರೋಗಿಯ ಅಭಿಪ್ರಾಯ ಕೇಳುವುದು ಹೇಗೆ?

ಆಸ್ಪತ್ರೆ ಹೇಗಿತ್ತು ಎಂದು ಅಲ್ಲಿ ಮಲಗೆದ್ದವರನ್ನೇ ಕೇಳುವ ಪದ್ಧತಿಗೆ ಬಹಳ ವಯಸ್ಸಾಗಿಲ್ಲ. 1985ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಇರ್ವಿನ್ ಪ್ರೆಸ್ ಮತ್ತು ರಾಡ್ ಗೇನಿ ಆಸ್ಪತ್ರೆಗಳಿಗೆ ತೃಪ್ತಿ ಸಮೀಕ್ಷೆ ನಡೆಸಿಕೊಡುವ ಕಂಪನಿ ಕಟ್ಟಿದರು. ಎರಡು ವರ್ಷದ ನಂತರ ಬಾಸ್ಟನ್‌ನಲ್ಲಿ ಶುರುವಾದ ಪಿಕರ್-ಕಾಮನ್‌ವೆಲ್ತ್ ಕಾರ್ಯಕ್ರಮ ಪ್ರಶ್ನೆಯ ದಿಕ್ಕನ್ನೇ ಬದಲಿಸಿತು. 'ತೃಪ್ತಿಯಾಯಿತೇ?' ಎಂದರೆ ಹೆಚ್ಚಿನವರು ಹೌದೆಂದುಬಿಡುತ್ತಾರೆ. ಹಾಗಾಗಿ ಏನು ನಡೆಯಿತು ಎಂದೇ ಕೇಳಬೇಕು: ಔಷಧಿಯ ಅಡ್ಡಪರಿಣಾಮವನ್ನು ಯಾರಾದರೂ ತಿಳಿಸಿದರೇ? ನೋವಿಗೆ ಬೇಗ ಸ್ಪಂದಿಸಿದರೇ?

ಈ ಹಾದಿಯಲ್ಲೇ ಬೆಳೆದ 'ಎಚ್‌ಕ್ಯಾಪ್ಸ್' ಸಮೀಕ್ಷೆ 2006ರ ಅಕ್ಟೋಬರ್‌ನಲ್ಲಿ 27 ಪ್ರಶ್ನೆಗಳೊಂದಿಗೆ ಅಮೆರಿಕದಾದ್ಯಂತ ಜಾರಿಗೆ ಬಂತು. 2008ರಿಂದ ಅಂಕಗಳು ಸಾರ್ವಜನಿಕವಾದವು, 2012ರಿಂದ ಸರ್ಕಾರ ಆಸ್ಪತ್ರೆಗಳಿಗೆ ಕೊಡುವ ಹಣಕ್ಕೂ ತಳುಕು ಹಾಕಿಕೊಂಡವು.

ಆದರೆ ಆ ಫಾರ್ಮು ಮುಖ್ಯವಾಗಿ ಅಂಚೆಯಲ್ಲಿ ಬರುತ್ತಿತ್ತು. 2003ರ ರಾಷ್ಟ್ರೀಯ ಸಾಕ್ಷರತಾ ಅಧ್ಯಯನದ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಶೇ. 36 ಮಂದಿಯ ಆರೋಗ್ಯ ಸಾಕ್ಷರತೆ ಪ್ರಾಥಮಿಕ ಮಟ್ಟದ್ದು ಅಥವಾ ಅದಕ್ಕಿಂತ ಕೆಳಗಿನದು. ಫೋನಿನಲ್ಲಿ ಕೇಳಿದರೆ ಓದುವ ಕಷ್ಟ ತಪ್ಪುತ್ತದೆ ನಿಜ, ಆದರೆ ಕೇಳುವವರ ಮುಲಾಜಿಗೆ ಉತ್ತರ ಸಿಹಿಯಾಗುತ್ತದೆ. ಕಡಿಮೆ ಓದಿದವರು ಹೆಚ್ಚು ಅಂಕ ಕೊಡುವ ಪ್ರವೃತ್ತಿಯೂ ಕಂಡುಬಂತು. ಇವೆರಡನ್ನೂ ಸಂಖ್ಯಾಶಾಸ್ತ್ರದಿಂದ ಸರಿದೂಗಿಸಲಾಗುತ್ತದೆ. ಆಸ್ಪತ್ರೆಗಳನ್ನು ಹೋಲಿಸಲು ಆ ಲೆಕ್ಕ ಸಾಕು. ಆದರೆ ಬಾಯಿಗೆ ಬಂದರೂ ಹೇಳದೆ ಹೋದ ದೂರು ಯಾವ ಲೆಕ್ಕದಿಂದಲೂ ಹೊರಬರುವುದಿಲ್ಲ.

ಈ ಕೊರತೆಗೆ ನೇರವಾಗಿ ಕೈಹಾಕಿದವರು ಷಿಕಾಗೋದ ಎಲಿಜಬೆತ್ ಹಾನ್ ಮತ್ತು ಡೇವಿಡ್ ಸೆಲ್ಲಾ. ಹೆಚ್ಚು ಓದಿರದ ಕ್ಯಾನ್ಸರ್ ರೋಗಿಗಳಿಗಾಗಿ ಅವರ ತಂಡ 2000ದ ದಶಕದ ಆರಂಭದಲ್ಲಿ 'ಮಾತಾಡುವ ಟಚ್‌ಸ್ಕ್ರೀನ್' ರೂಪಿಸಿತು. ಪರದೆಯಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ. ಅದನ್ನು ಧ್ವನಿ ಓದಿ ಹೇಳುತ್ತದೆ, ರೋಗಿ ಉತ್ತರವನ್ನು ಬೆರಳಿನಿಂದ ಮುಟ್ಟಿದರೆ ಆಯಿತು. ಅಭಿಪ್ರಾಯ ಸಮೀಕ್ಷೆಗೆ ಇದರಿಂದ ಕಲಿಯುವುದು ಬಹಳ ಇದೆ. ನರ್ಸ್ ಬಗೆಗಿನ ಪ್ರಶ್ನೆಯನ್ನು ನರ್ಸ್ ಎದುರು ಓದಿಸಿಕೊಳ್ಳಬೇಕಾಗಿಲ್ಲ, 'ನನಗೆ ಓದೋಕೆ ಬರಲ್ಲ' ಎಂದು ಯಾರ ಮುಂದೆಯೂ ಹೇಳಿಕೊಳ್ಳಬೇಕಾಗಿಲ್ಲ. ಇಷ್ಟೊಂದು ಮರ್ಯಾದೆಯಿಂದ ನಡೆಸಿಕೊಳ್ಳುವ ವಿಧಾನ ಇನ್ನೂ ಎಲ್ಲ ಆಸ್ಪತ್ರೆಗಳಿಗೆ ತಲುಪದಿರುವುದು ಬೇಸರದ ಸಂಗತಿ.

ನಗುಮುಖ, ಅಳುಮುಖದ ಗುಂಡಿಗಳು ಮಾತ್ರ ಬೇಗ ಹರಡಿದವು. ಮುಖಚಿತ್ರಗಳಿಗೆ ದೊಡ್ಡ ಹೆಸರು ತಂದಿದ್ದು ಮಕ್ಕಳ ನೋವು ಅಳೆಯಲೆಂದು 1983ರಲ್ಲಿ ಡೋನಾ ವಾಂಗ್ ಮತ್ತು ಕಾನಿ ಬೇಕರ್ ರೂಪಿಸಿದ ಮಾಪಕ. ನೋವಿಗೆ ಅದು ಸರಿಯೇ. ಆದರೆ ಅಳುಮುಖ ಒತ್ತಿದ ರೋಗಿಗೆ ಬೇಸರವಾದದ್ದು ಶೌಚಾಲಯದಿಂದಲೋ ವೈದ್ಯರ ಮಾತಿನಿಂದಲೋ ಎಂಬುದು ಗುಂಡಿಗೆ ಗೊತ್ತಾಗುವುದಿಲ್ಲ.

ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ 'ಮೇರಾ ಅಸ್ಪತಾಲ್' ಎಸ್ಎಂಎಸ್, ಆ್ಯಪ್‌ಗಳ ಜೊತೆಗೆ ಧ್ವನಿಮುದ್ರಿತ ಫೋನ್ ಕರೆಯನ್ನೂ ಬಳಸಿತು. ಇದು ಒಳ್ಳೆಯ ಹೆಜ್ಜೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಚೀಟಿ ಮಾಡಿಸುವಾಗ ಕೊಡುವ ನಂಬರು ಮಗನದು. ಹೆರಿಗೆ ವಾರ್ಡಿನಲ್ಲಿದ್ದ ಸೊಸೆಯ ಅನುಭವಕ್ಕೆ ಕರೆ ಹೋಗುವುದು ಅವನಿಗೆ. ಅಮೆರಿಕದ ಎಚ್‌ಕ್ಯಾಪ್ಸ್ ರೋಗಿಯ ಪರವಾಗಿ ಬೇರೆಯವರು ಉತ್ತರಿಸುವುದನ್ನು ಬಹುಕಾಲ ನಿರಾಕರಿಸಿ, 2025ರಿಂದಷ್ಟೇ ಒಪ್ಪಿಕೊಂಡಿದೆ. ನಮ್ಮಲ್ಲಿ ಅಂಥ ಉತ್ತರ ಬಂದಾಗ ಯಾರು ಹೇಳಿದರು ಎಂಬುದನ್ನಾದರೂ ದಾಖಲಿಸಬೇಕು.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36, ಯಾದಗಿರಿಯದು ಶೇ. 52ರ ಆಸುಪಾಸು. ಅಲ್ಲಿಗೆ ಪ್ರಶ್ನೆಪತ್ರಿಕೆ ತಯಾರಿಸುವವರು ಎಚ್‌ಕ್ಯಾಪ್ಸ್ ರೂಪಿಸಿದವರು ಮಾಡಿದಂತೆ ಪ್ರತಿ ಪ್ರಶ್ನೆಯನ್ನೂ ಜನರ ಮುಂದಿಟ್ಟು ಪರೀಕ್ಷಿಸಬೇಕು. 'ಮಾತ್ರಿ ಉಂಡ ಮ್ಯಾಲೆ ತಗೋಬೇಕೋ ಮೊದಲೋ ಅಂತ ಯಾರರ ಹೇಳಿದ್ರೇನು?' ಎಂದು ಕೇಳಿ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ತನಗೆ ಅರ್ಥವಾದದ್ದೇನೆಂದು ತನ್ನ ಮಾತಿನಲ್ಲೇ ಹೇಳುವ ತನಕ ಕಾಯಬೇಕು. ಅರ್ಥ ಬೇರೆಯಾದರೆ ತಿದ್ದಬೇಕಾದ್ದು ಪ್ರಶ್ನೆಯನ್ನು.