ಬೆಂಕಿಯ ಬಳಿಕ ಕಟ್ಟಿದ ಅರಮನೆ



1897ನೆಯ ಇಸವಿಯಲ್ಲಿ ಭಾರತದ ಎರಡು ಪಟ್ಟಣಗಳಿಗೆ ಎರಡು ಬಗೆಯ ವಿಪತ್ತು ಒದಗಿತು. ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂಭ್ರಮದ ನಡುವೆ, ಮೈಸೂರಿನ ಮರದ ಅರಮನೆಗೆ ಬೆಂಕಿ ಬಿದ್ದು ಅದರ ಬಹುಭಾಗ ಬೂದಿಯಾಯಿತು. ಜೂನ್ 12ರಂದು ಅಸ್ಸಾಮಿನಲ್ಲಿ ಭೂಮಿ ನಡುಗಿ ಷಿಲ್ಲಾಂಗಿನ ಕಲ್ಲುಕಟ್ಟಡಗಳು ನೆಲಕ್ಕುರುಳಿದುವು. ಕಲ್ಲಿನಿಂದ ಕೆಟ್ಟ ಷಿಲ್ಲಾಂಗಿನವರು ಅನಂತರ ಮರದ ಚೌಕಟ್ಟಿನ ಹಗುರವಾದ ಮನೆಗಳಿಗೆ ತಿರುಗಿದರು; ಮರದಿಂದ ಕೆಟ್ಟ ಮೈಸೂರಿನವರು ಕಲ್ಲನ್ನೂ ಕಬ್ಬಿಣವನ್ನೂ ನೆಚ್ಚಿದರು.

ಕಲ್ಲಿನ ಕೆಲಸ ಕನ್ನಡನಾಡಿಗೆ ಹೊಸದಾಗಿರಲಿಲ್ಲ. ಆದರೆ ನಮ್ಮ ಹಿಂದಿನವರು ದೇವರ ಮನೆಗೆ ಕಲ್ಲನ್ನು ಮೀಸಲಿಟ್ಟು, ಅರಸರ ಮನೆಗೆ ಬಹುಮಟ್ಟಿಗೆ ಮರವನ್ನೇ ಬಳಸುತ್ತಿದ್ದರು. ಹಾನಗಲ್ಲು ಕದಂಬರ ರಾಜಧಾನಿಯಾಗಿತ್ತು. ಅಲ್ಲಿಯ ತಾರಕೇಶ್ವರ ದೇವಾಲಯದ ಕಮಲಾಕಾರದ ಕಲ್ಲಿನ ಭುವನೇಶ್ವರಿ ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ. ಆ ಅರಸರ ಅರಮನೆ ಮಾತ್ರ ಉಳಿದಿಲ್ಲ. 1803ರಲ್ಲಿ ಮುಗಿದ ಮೈಸೂರಿನ ಅರಮನೆಯೂ ಇದೇ ಸಂಪ್ರದಾಯದ್ದು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ರಾಜ್ಯಭಾರವನ್ನು ವಹಿಸಿದ್ದ ಅವರ ತಾಯಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೊಸ ಅರಮನೆಯ ರಚನೆಯನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. ಇರ್ವಿನ್ನರು ಉತ್ತರದ ಸಿಮ್ಲಾದಲ್ಲಿ 1888ರಲ್ಲಿ ಪೂರ್ಣವಾದ ವೈಸರಾಯರ ನಿವಾಸವನ್ನು ರಚಿಸಿ, ಮದರಾಸಿನ ಹೈಕೋರ್ಟಿನ ಕೆಲಸದಲ್ಲಿಯೂ ಹೆಸರಾದವರು. 1897ರ ಅಕ್ಟೋಬರಿನಲ್ಲಿ ಮೊದಲಾದ ಕೆಲಸ 1912ರಲ್ಲಿ ಮುಗಿಯಿತು. ಖರ್ಚು 41,47,913 ರೂಪಾಯಿ. ನಕ್ಷೆಯ ಕೀರ್ತಿ ಇರ್ವಿನ್ನರದಾದರೆ, ಅದನ್ನು ಸ್ಥಳದಲ್ಲಿ ನಿಂತು ಆಗಮಾಡಿಸಿದ ಶ್ರಮದಲ್ಲಿ ಅರಮನೆಯ ಎಂಜಿನಿಯರು ಬಿ. ಪಿ. ರಾಘವುಲು ನಾಯುಡು ಅವರ ಪಾಲು ದೊಡ್ಡದು.

ಸುಟ್ಟುಹೋದುದನ್ನು ಪುನಃ ಕಟ್ಟುವವನ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು? ಇರ್ವಿನ್ನರು ಬಿಟ್ಟದ್ದು, ಭಾರ ಹೊರುವ ಕೆಲಸದಲ್ಲಿ ಮರದ ಮೇಲಿನ ಭರವಸೆಯನ್ನು. ಗೋಡೆಗೆ ಬೂದುಬಣ್ಣದ ಗ್ರಾನೈಟ್ ಬಂದಿತು. ಕಲ್ಯಾಣಮಂಟಪಕ್ಕೆ ಗ್ಲಾಸ್ಗೋವಿನಲ್ಲಿ ಎರಕಹೊಯ್ದ ಕಬ್ಬಿಣದ ಕಂಬಗಳೂ, ಅವುಗಳ ಮೇಲೆ ನವಿಲಿನ ಚಿತ್ತಾರದ ಬಣ್ಣಗಾಜಿನ ಮಾಡೂ ಬಂದುವು. ಮರ ಬಾಗಿಲುಗಳ ಕೆತ್ತನೆಯಂತಹ ಅಲಂಕಾರದಲ್ಲಿ ಉಳಿಯಿತು.

ಅವರು ಉಳಿಸಿದ್ದು ಇದಕ್ಕಿಂತ ಮುಖ್ಯವಾದುದು. ಹಳೆಯ ಅರಮನೆಯ ಮುಂಭಾಗದಲ್ಲಿ ಸೆಜ್ಜೆಯೆಂಬ ತೆರೆದ ಹಜಾರವಿದ್ದಿತು. ದಸರೆಯಲ್ಲಿ ಅರಸರು ಅಲ್ಲಿ ಸಿಂಹಾಸನವನ್ನೇರಿ ಬಯಲಿನಲ್ಲಿ ನೆರೆದ ಪ್ರಜೆಗಳಿಗೆ ದರ್ಶನವೀಯುತ್ತಿದ್ದರು. ಹೊಸ ಅರಮನೆಯ ದರ್ಬಾರು ಹಜಾರವೂ ಹಾಗೆಯೇ ಬಯಲಿನತ್ತ ತೆರೆದಿದೆ. ಗುಮ್ಮಟಗಳೂ 145 ಅಡಿಯ ಗೋಪುರವೂ ಹೊಸವು. ಅರಸನಿಗೂ ಪ್ರಜೆಗೂ ನಡುವಿದ್ದ ಆ ನೋಟ ಹಳೆಯದು.

ರಾಜರ ಆಳಿಕೆ ಮುಗಿದಿದೆ. ಆದರೂ ದಸರೆಯಲ್ಲಿ ಜನ ಇಂದಿಗೂ ಆ ಬಯಲಿಗೆ ಬರುತ್ತಾರೆ. ಅಗ್ನಿಯಿಂದ ಪಾಠ ಕಲಿತೂ ಊರಿನ ವಾಡಿಕೆಯನ್ನು ಮರೆಯದಿದ್ದುದೇ ಇರ್ವಿನ್ನರ ನಿಜವಾದ ಜಾಣ್ಮೆ.